ಸರಾಸರಿಯಲ್ಲಿ ಪಾಸಾದ ಕಾಲಂ: ಒಂದು ಅಲ್ಟ್ರಾಸಾನಿಕ್ ಪರೀಕ್ಷೆಯ ಪ್ರಕರಣ ಅಧ್ಯಯನ

ಒಂದು ತಾಲ್ಲೂಕು ಕೇಂದ್ರದಲ್ಲಿ ಸಮುದಾಯ ಭವನದ ಕೆಲಸ ನಡೆದಿತ್ತು. ಕೆಳಗೆ ಊಟದ ಹಾಲ್, ಮೇಲೆ ಮದುವೆ ಹಾಲ್. ಊರಿನವರೇ ಚಂದಾ ಎತ್ತಿ ಕಟ್ಟಿಸುತ್ತಿದ್ದ ಕಟ್ಟಡ. ನೆಲಮಹಡಿಯ 14 ಕಾಲಂಗಳು ಎದ್ದು ನಿಂತು, ಅವುಗಳ ಮೇಲೆ ಮೊದಲ ಸ್ಲ್ಯಾಬ್ ಕೂಡ ಹಾಕಿಯಾಗಿತ್ತು. ಆಗ 28 ದಿನದ ಕ್ಯೂಬ್ ಪರೀಕ್ಷೆಯ (ಅದೇ ಕಾಂಕ್ರೀಟಿನಿಂದ ಅಚ್ಚು ಹಾಕಿದ ಘನಗಳನ್ನು 28 ದಿನಕ್ಕೆ ಒತ್ತಿ ಒಡೆದು ಬಲ ನೋಡುವ ಪರೀಕ್ಷೆ) ವರದಿ ಬಂತು, ಕೆಲಸ ನಿಂತಿತು.

ಕಾಲಂಗಳಿಗೆ ಮೂರು ದಿನ ಕಾಂಕ್ರೀಟ್ ಹಾಕಿದ್ದರು. ಮೊದಲ ದಿನ ಐದು, ಎರಡನೇ ದಿನ ಐದು, ಮೂರನೇ ದಿನ ನಾಲ್ಕು. ವಿನ್ಯಾಸದಲ್ಲಿ ಕೇಳಿದ್ದು ಎಂ-25 ದರ್ಜೆ, ಅಂದರೆ 25 ಮೆಗಾಪ್ಯಾಸ್ಕಲ್ ಬಲದ ಕಾಂಕ್ರೀಟ್. ಮೊದಲ ಮತ್ತು ಮೂರನೇ ದಿನದ ಕ್ಯೂಬ್‌ಗಳು ಪಾಸಾಗಿದ್ದವು. ಎರಡನೇ ದಿನದ ಮೂರು ಕ್ಯೂಬ್‌ಗಳು ಮಾತ್ರ 19.6, 18.2, 20.9 ಮೆಗಾಪ್ಯಾಸ್ಕಲ್‌ಗೆ ಒಡೆದಿದ್ದವು. ಮೂರರ ಸರಾಸರಿ 19.6. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ ಎಂ-25 ಕಾಂಕ್ರೀಟಿನ ಯಾವ ಫಲಿತಾಂಶವೂ 22ಕ್ಕಿಂತ ಕೆಳಗೆ ಹೋಗಬಾರದು. ಅಂದರೆ ಇದು ಸ್ವಲ್ಪದರಲ್ಲಿ ತಪ್ಪಿದ್ದಲ್ಲ, ಸರಿಯಾಗಿಯೇ ಫೇಲ್ ಆದದ್ದು.

ಭವನ ಸಮಿತಿಯವರು ಐದು ಕಾಲಂ ಒಡೆಯಲೇಬೇಕು ಎಂದರು. ಗುತ್ತಿಗೆದಾರರು, ಕಾಂಕ್ರೀಟ್ ಚೆನ್ನಾಗಿಯೇ ಇದೆ, ಕ್ಯೂಬ್‌ಗಳನ್ನು ಸರಿಯಾಗಿ ನೋಡಿಕೊಂಡಿಲ್ಲ ಎಂದರು. ಇದರ ನಡುವೆ ಯಾರನ್ನೋ ಕರೆಸಿ ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಎಷ್ಟು ಪುಟಿಯುತ್ತದೆ ಎಂದು ನೋಡಿ ಗಟ್ಟಿತನ ಅಂದಾಜಿಸುವ ಸಾಧನ) ಹೊಡೆಸಿದ್ದರು. ಅದರಲ್ಲಿ ಎಲ್ಲ ಕಾಲಂಗಳಿಗೂ 32ರಿಂದ 36ರ ಒಳಗೆ ಅಂಕಿ ಬಂದಿತ್ತು. ಹದಿನಾಲ್ಕೂ ಒಂದೇ ಥರ. ಹಾಗಾಗಿ ಜಗಳ ಇನ್ನೂ ಜಾಸ್ತಿಯಾಗಿತ್ತು. ಸಮಿತಿಯ ಅಧ್ಯಕ್ಷರು, ಅಲ್ಟ್ರಾಸಾನಿಕ್ ಪರೀಕ್ಷೆಗೆ ಹೋದ ನನ್ನ ಹತ್ತಿರ ಕೇಳಿದ್ದು ಒಂದೇ ಮಾತು: "ಸಾರ್, ಐದು ಪಿಲ್ಲರ್ ಒಡೀಬೇಕಾ, ಬೇಡ್ವಾ? ಅಷ್ಟು ಹೇಳಿಬಿಡಿ."

ಪರೀಕ್ಷೆ ಮುಗಿದಾಗ ಬಂದ ಉತ್ತರ ಅವರ ಪ್ರಶ್ನೆಗೆ ನೇರವಾಗಿ ಹೊಂದುವಂಥದ್ದಾಗಿರಲಿಲ್ಲ. ಸಂಶಯವಿದ್ದ ಐದೂ ಕಾಲಂಗಳು ಉಳಿದವು. ಯಾರೂ ಸಂಶಯಪಡದೇ ಇದ್ದ, ಕ್ಯೂಬ್ ಪಾಸಾಗಿದ್ದ ಮೊದಲ ದಿನದ ಒಂದು ಕಾಲಂನ ಒಳಗೆ ಜಲ್ಲಿ ಬಿಟ್ಟರೆ ಬೇರೇನೂ ಇಲ್ಲದ ಒಂದು ದೊಡ್ಡ ಭಾಗ ಸಿಕ್ಕಿತು. ಅದು ಸಿಕ್ಕಿದ್ದು ಹೇಗೆ ಅನ್ನುವುದನ್ನು ವಿವರವಾಗಿ ಬರೆಯಬೇಕು ಅನಿಸಿತು. ಇದೇ ಉಪಕರಣ ಇಟ್ಟುಕೊಂಡು, ಇದೇ ಅಂಕಿಗಳನ್ನು ಬರೆದುಕೊಂಡು, ಆ ಕಾಲಂಗೆ "ಉತ್ತಮ" ಎಂದು ಸಹಿ ಹಾಕಿ ಬರುವುದು ಬಹಳ ಸುಲಭವಿತ್ತು. ಊರು, ಗುತ್ತಿಗೆದಾರರು, ಸಮಿತಿ ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ.

ಈ ಪರೀಕ್ಷೆ ಏನನ್ನು ಅಳೆಯುತ್ತದೆ

ಉಪಕರಣದಲ್ಲಿ ಎರಡು ಪ್ರೋಬ್ ಇರುತ್ತವೆ. ಒಂದು ಕಾಂಕ್ರೀಟಿನೊಳಗೆ ಸಣ್ಣದೊಂದು ಕಂಪನವನ್ನು ಕಳಿಸುತ್ತದೆ, ಎದುರಿಗಿರುವ ಇನ್ನೊಂದು ಅದನ್ನು ಹಿಡಿಯುತ್ತದೆ. ನಾವು ಸಾಮಾನ್ಯವಾಗಿ ಬಳಸುವುದು 54 ಕಿಲೋಹರ್ಟ್ಸ್ ಪ್ರೋಬ್. ಮನುಷ್ಯರ ಕಿವಿಗೆ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ, ಇದು ಅದಕ್ಕಿಂತ ತುಂಬಾ ಮೇಲೆ. ಹೊರಟ ಕಂಪನ ಆ ಕಡೆ ತಲುಪಲು ಎಷ್ಟು ಮೈಕ್ರೋಸೆಕೆಂಡ್ ತೆಗೆದುಕೊಂಡಿತು ಎಂಬುದಷ್ಟೇ ಉಪಕರಣ ತೋರಿಸುವ ಅಂಕಿ. ದೂರವನ್ನು ಆ ಸಮಯದಿಂದ ಭಾಗಿಸಿದರೆ ವೇಗ ಸಿಗುತ್ತದೆ.

ಒಳ್ಳೆಯ ಕಾಂಕ್ರೀಟಿನಲ್ಲಿ ಈ ವೇಗ ಸೆಕೆಂಡಿಗೆ 4 ಕಿಲೋಮೀಟರ್ ಆಸುಪಾಸು. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಾಂಕ್ರೀಟ್ ಮುಗಿದು ಗಾಳಿ ಶುರುವಾಗುವ ಅಂಚಿನಲ್ಲಿ ಕಂಪನ ಹೆಚ್ಚುಕಡಿಮೆ ಪೂರ್ತಿಯಾಗಿ ವಾಪಸ್ ತಿರುಗಿಬಿಡುತ್ತದೆ. ಹಾಗಾಗಿ ಒಳಗೆ ಪೊಳ್ಳಿದ್ದರೆ ಅದು ಪೊಳ್ಳನ್ನು ದಾಟುವುದಿಲ್ಲ. ಕೆರೆಯ ಆಚೆ ದಡಕ್ಕೆ ಹೋಗಬೇಕಾದವರು ಏರಿ ಹಿಡಿದು ಸುತ್ತಿ ಹೋಗುವ ಹಾಗೆ, ಗಟ್ಟಿ ಕಾಂಕ್ರೀಟ್ ಇರುವ ಕಡೆಯಿಂದ ಬಳಸಿಕೊಂಡು ಬರುತ್ತದೆ. ದಾರಿ ಉದ್ದವಾಗುತ್ತದೆ, ಸಮಯ ಜಾಸ್ತಿಯಾಗುತ್ತದೆ. ನಾವು ಮಾತ್ರ ನೇರ ದೂರವನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ. ಆದ್ದರಿಂದ ವೇಗ ಕಡಿಮೆ ಎಂದು ತೋರುತ್ತದೆ.

ಪ್ರೋಬ್ ಮತ್ತು ಕಾಲಂನ ಮೇಲ್ಮೈ ನಡುವೆ ಗ್ರೀಸ್ ಹಚ್ಚುವುದೂ ಇದಕ್ಕೇ. ಅಲ್ಲಿ ಕೂದಲೆಳೆಯಷ್ಟು ಗಾಳಿ ಉಳಿದರೂ ಕಂಪನ ಒಳಗೆ ಹೋಗುವುದಿಲ್ಲ.

ಈ ವಿಧಾನ ಹುಟ್ಟಿದ್ದು 1940ರ ದಶಕದಲ್ಲಿ. ಕೆನಡಾದ ಒಂಟಾರಿಯೊ ಜಲವಿದ್ಯುತ್ ಆಯೋಗದಲ್ಲಿ ಲೆಸ್ಲಿ ಮತ್ತು ಚೀಸ್‌ಮನ್ ಎಂಬಿಬ್ಬರು ಸೋನಿಸ್ಕೋಪ್ ಎಂಬ ಉಪಕರಣ ಮಾಡಿದರು. 20 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಅದು 15 ಮೀಟರ್ ದಪ್ಪದ ಕಾಂಕ್ರೀಟಿನಾಚೆಗೂ ಕಂಪನ ಕಳಿಸುತ್ತಿತ್ತು. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ರಸ್ತೆ ಸಂಶೋಧನಾ ಪ್ರಯೋಗಾಲಯದ ಜೋನ್ಸ್ ಸ್ವತಂತ್ರವಾಗಿ ಇದೇ ದಾರಿಯಲ್ಲಿದ್ದರು. ಕೆನಡಾದವರಿಗೆ ಬೇಕಾಗಿದ್ದದ್ದು ಅಣೆಕಟ್ಟಿನಂಥ ದೊಡ್ಡ ಕಾಂಕ್ರೀಟಿನೊಳಗೆ ಬಿರುಕು ಇದೆಯೇ, ಇದ್ದರೆ ಎಷ್ಟು ಆಳ ಎಂದು ತಿಳಿಯುವುದು. ಕಾಂಕ್ರೀಟಿನ ಬಲ ಎಷ್ಟು ಮೆಗಾಪ್ಯಾಸ್ಕಲ್ ಎಂಬ ಪ್ರಶ್ನೆಯಿಂದ ಅವರು ಹೊರಟವರಲ್ಲ. ಈ ಪ್ರಕರಣದ ಗಂಟು ಇರುವುದೂ ಅಲ್ಲಿಯೇ.

ವೇಗದಿಂದ ಬಲ ಹೇಳಲು ಹೋದರೆ

ಸಮಿತಿಯವರು, ಗುತ್ತಿಗೆದಾರರು ಇಬ್ಬರೂ ಉಪಕರಣದಿಂದ ಬಯಸಿದ್ದು ಬಲದ ಅಂಕಿಯನ್ನೇ. ಎಂ-25 ಬಂತಾ, ಬರಲಿಲ್ವಾ? ಕೆಲವು ವರದಿಗಳಲ್ಲಿ ವೇಗದ ಪಕ್ಕದಲ್ಲೇ "ಅಂದಾಜು ಬಲ" ಎಂಬ ಅಂಕಣ ಕೂಡ ಇರುತ್ತದೆ. ಅದನ್ನು ಯಾಕೆ ನಂಬಬಾರದು ಎಂದು ಒಂದು ಚಿಕ್ಕ ಲೆಕ್ಕದಲ್ಲಿ ತೋರಿಸಬಹುದು.

ಕಂಪನದ ವೇಗ ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕದ (ಅದು ಎಷ್ಟು ಬಿಗಿ ಎಂಬುದರ ಅಳತೆ) ವರ್ಗಮೂಲಕ್ಕೆ ತಕ್ಕ ಹಾಗೆ ಏರುತ್ತದೆ. ಆ ಗುಣಾಂಕವೋ, ಐಎಸ್ 456 ಕೊಡುವ ಸೂತ್ರದಲ್ಲಿ, ಬಲದ ವರ್ಗಮೂಲದ 5000 ಪಟ್ಟು. ಎರಡನ್ನೂ ಸೇರಿಸಿದರೆ ವೇಗ ನಿಂತಿರುವುದು ಬಲದ ನಾಲ್ಕನೇ ಮೂಲದ ಮೇಲೆ. ಹಾಗಾದರೆ ಬಲ ಅರ್ಧಕ್ಕೆ ಇಳಿದಾಗ ವೇಗ ಎಷ್ಟು ಇಳಿಯುತ್ತದೆ? ನೂರಕ್ಕೆ 16ರಷ್ಟು ಮಾತ್ರ. 25 ಮೆಗಾಪ್ಯಾಸ್ಕಲ್‌ನ ಕಾಂಕ್ರೀಟಿನಲ್ಲಿ 4.2 ಕಿ.ಮೀ. ಬರುತ್ತಿದ್ದರೆ, ಅದೇ ಸಾಮಗ್ರಿಯ 12.5 ಮೆಗಾಪ್ಯಾಸ್ಕಲ್‌ನ ಕಾಂಕ್ರೀಟಿನಲ್ಲಿ 3.5 ಬರುತ್ತದೆ.

ಈಗ ಈ ಪರೀಕ್ಷೆಯ ಮಾನಕವಾಗಿದ್ದ ಐಎಸ್ 13311ರ ಮೊದಲ ಭಾಗದ ಕೋಷ್ಟಕ ನೋಡೋಣ. ಅದು 1992ರದ್ದು. 2018ರಲ್ಲಿ ಐಎಸ್ 516ರ ಐದನೇ ಭಾಗದ ಮೊದಲ ವಿಭಾಗ ಅದರ ಜಾಗಕ್ಕೆ ಬಂದಿದೆ, ಆದರೂ ಸೈಟ್ ಎಂಜಿನಿಯರುಗಳ ಬಾಯಲ್ಲಿರುವುದು ಇವತ್ತಿಗೂ ಹಳೆಯ ಅಂಕಿಗಳೇ. 4.5ಕ್ಕಿಂತ ಮೇಲಿದ್ದರೆ ಅತ್ಯುತ್ತಮ, 3.5ರಿಂದ 4.5 ಉತ್ತಮ, 3ರಿಂದ 3.5 ಮಧ್ಯಮ, 3ಕ್ಕಿಂತ ಕೆಳಗೆ ಸಂಶಯಾಸ್ಪದ. ಅಂದರೆ ಅರ್ಧ ಬಲ ಕಳೆದುಕೊಂಡ ಕಾಂಕ್ರೀಟ್ ಕೂಡ "ಉತ್ತಮ"ದ ಅಂಚಿನಲ್ಲಿ ನಿಂತಿರುತ್ತದೆ! ನಮ್ಮ ಪ್ರಕರಣದಲ್ಲಿ 25 ಮತ್ತು 19.6ರ ನಡುವಿನ ವ್ಯತ್ಯಾಸ ವೇಗದಲ್ಲಿ ಕಾಲು ಕಿಲೋಮೀಟರೂ ಆಗುವುದಿಲ್ಲ. ಜಲ್ಲಿಯ ಜಾತಿ ಬೇರೆಯಾದರೆ, ಕಾಂಕ್ರೀಟ್ ಒದ್ದೆ ಇದ್ದರೆ, ಜಲ್ಲಿಯ ಪ್ರಮಾಣ ಹೆಚ್ಚುಕಡಿಮೆಯಾದರೆ ಅಷ್ಟು ಏರುಪೇರು ಸುಮ್ನೆ ಬರುತ್ತದೆ.

ಪೊಳ್ಳಿನ ವಿಚಾರ ಹಾಗಲ್ಲ. ಜಲ್ಲಿಗಳ ನಡುವೆ ಗಾರೆ ಇಲ್ಲದಿದ್ದರೆ ವೇಗ ಒಂದೂವರೆ ಕಿಲೋಮೀಟರ್ ಕುಸಿಯಬಹುದು. ಬಲದ ವಿಷಯದಲ್ಲಿ ಇಷ್ಟು ಮಂದವಾದ ಈ ಪರೀಕ್ಷೆ, ಒಳಗಿನ ಪೊಳ್ಳಿನ ವಿಷಯದಲ್ಲಿ ಬಹಳ ಚುರುಕು. ಆದ್ದರಿಂದ ಕೆಲಸ ಶುರು ಮಾಡುವ ಮೊದಲೇ ಎರಡೂ ಕಡೆಯವರನ್ನು ಕೂರಿಸಿ ಹೇಳಿದೆ: ಬಲದ ಪ್ರಶ್ನೆಗೆ ಕೋರ್ (ಕಾಲಂನಿಂದಲೇ ಕೊರೆದ ಉರುಳೆಯಾಕಾರದ ತುಂಡು) ತೆಗೆದು ಒಡೆದೇ ಉತ್ತರ ಹುಡುಕೋಣ. ಕೋರ್ ಎಲ್ಲಿ ತೆಗೆಯಬೇಕು, ಹದಿನಾಲ್ಕರಲ್ಲಿ ಯಾವ ಕಾಲಂ ತನ್ನ ಅಕ್ಕಪಕ್ಕದವಕ್ಕಿಂತ ಬೇರೆ ಇದೆ, ಯಾವ ಎತ್ತರದಲ್ಲಿ ಬೇರೆ ಇದೆ, ಇದನ್ನು ಅಲ್ಟ್ರಾಸಾನಿಕ್‌ನಿಂದ ತಿಳಿಯೋಣ. ಸಂಶಯವಿರುವ ಐದಕ್ಕೆ ಮಾತ್ರ ಸಾಲದು, ಹದಿನಾಲ್ಕಕ್ಕೂ ಮಾಡಬೇಕು ಎಂದೆ. ಹೋಲಿಸಲು ಒಳ್ಳೆಯ ಕಾಲಂಗಳ ಅಂಕಿ ಬೇಕಲ್ವಾ? ಸಮಿತಿಯವರು ಖರ್ಚಿನ ಬಗ್ಗೆ ಸ್ವಲ್ಪ ಯೋಚಿಸಿದರು, ಆಮೇಲೆ ಒಪ್ಪಿದರು.

ಗುರುತು ಹಾಕುವ ಕೆಲಸ

ಕಾಲಂಗಳ ಅಳತೆ 300 ಮತ್ತು 600 ಮಿ.ಮೀ. ಎತ್ತರ 3.6 ಮೀಟರ್. ಪ್ಲಾಸ್ಟರ್ ಆಗಿರಲಿಲ್ಲ, ಅದು ನಮ್ಮ ಪುಣ್ಯ. 600 ಮಿ.ಮೀ. ಅಗಲದ ಎದುರುಬದುರು ಮುಖಗಳು ಎಲ್ಲ ಕಾಲಂಗಳಲ್ಲೂ ಕೈಗೆ ಸಿಗುತ್ತಿದ್ದವು. ಹಾಗಾಗಿ ಪ್ರೋಬ್‌ಗಳನ್ನು ಎದುರುಬದುರು ಇಟ್ಟು 300 ಮಿ.ಮೀ. ದಾರಿಯಲ್ಲಿ ನೇರ ಅಳತೆ ಮಾಡಬಹುದಿತ್ತು. ಒಂದೇ ಮುಖದ ಮೇಲೆ ಎರಡೂ ಪ್ರೋಬ್ ಇಡುವ ವಿಧಾನವೂ ಇದೆ, ಆದರೆ ಅದರಲ್ಲಿ ಮೇಲ್ಪದರದ ಸುದ್ದಿಯಷ್ಟೇ ಸಿಗುತ್ತದೆ. ನೇರ ದಾರಿ ಸಿಗುವ ಕಡೆ ಅದನ್ನು ಬಿಡಬಾರದು.

ಮೊದಲು ಕವರ್ ಮೀಟರ್ ಓಡಿಸಿ ಕಂಬಿ ಮತ್ತು ರಿಂಗ್‌ಗಳು ಎಲ್ಲಿವೆ ಎಂದು ಸೀಮೆಸುಣ್ಣದಲ್ಲಿ ಬರೆದುಕೊಂಡೆವು. ಉಕ್ಕಿನಲ್ಲಿ ಕಂಪನ ಕಾಂಕ್ರೀಟಿಗಿಂತ ಬೇಗ ಓಡುತ್ತದೆ. ದಾರಿಯ ಉದ್ದಕ್ಕೂ ಕಂಬಿ ಇದ್ದರೆ ಅದರ ಮೇಲೇ ಓಡಿಬಂದು ಇಲ್ಲದ ವೇಗ ತೋರಿಸಬಹುದು. ರಿಂಗಿನ ಒಂದು ಕೈ ನಮ್ಮ ದಾರಿಗೆ ಸಮಾನಾಂತರವಾಗಿಯೇ ಇರುತ್ತದೆ. ಅದು 8 ಮಿ.ಮೀ. ಕಂಬಿ, ದೊಡ್ಡ ತೊಂದರೆ ಕೊಡುವುದಿಲ್ಲ. ಆದರೂ ಎರಡು ರಿಂಗ್‌ಗಳ ನಡುವೆಯೇ ಬಿಂದುಗಳು ಬರುವ ಹಾಗೆ ನೋಡಿಕೊಂಡೆವು.

ಪ್ರತಿ ಕಾಲಂಗೂ ಎರಡು ಲಂಬ ಸಾಲು. ಒಂದೊಂದು ಅಂಚಿನಿಂದ 200 ಮಿ.ಮೀ. ಒಳಗೆ ಒಂದೊಂದು ಸಾಲು. ಅವಕ್ಕೆ ಎ ಮತ್ತು ಬಿ ಎಂದು ಹೆಸರು. ನೆಲದಿಂದ 0.3 ಮೀಟರಿಗೆ ಶುರುಮಾಡಿ 3.3 ಮೀಟರ್‌ವರೆಗೆ 300 ಮಿ.ಮೀ.ಗೊಂದು ಬಿಂದು.

ದೂರದ ವಿಷಯದಲ್ಲಿ ತುಂಬಾ ಜನ ಅಸಡ್ಡೆ ಮಾಡುತ್ತಾರೆ. ನಕ್ಷೆಯಲ್ಲಿ 300 ಎಂದಿದೆ, 300 ಎಂದೇ ಹಾಕಿಬಿಡುತ್ತಾರೆ. ಶಟರಿಂಗ್ ಸ್ವಲ್ಪ ಉಬ್ಬಿದ್ದರೆ ಅದೇ ಕಾಲಂ 308 ಇರುತ್ತದೆ. ಅಲ್ಲಿಗೆ ವೇಗದಲ್ಲಿ ನೂರಕ್ಕೆ ಎರಡೂವರೆಗಿಂತ ಹೆಚ್ಚು ತಪ್ಪು ಸೇರಿತು. ದೊಡ್ಡ ಕ್ಯಾಲಿಪರ್ ಹಿಡಿದು ಪ್ರತಿ ಬಿಂದುವಿನಲ್ಲೂ ದಪ್ಪ ಅಳೆದೆವು. ಉಪಕರಣದ ಜೊತೆ ಬರುವ ಸರಳಿನ ಮೇಲೆ ಪ್ರೋಬ್ ಇಟ್ಟು, ಅದರ ಮೇಲೆ ಬರೆದ ಸಮಯವೇ ತೆರೆಯಲ್ಲಿ ಬರುತ್ತಿದೆಯೇ ಎಂದು ಶುರುವಿನಲ್ಲೂ ನಡುನಡುವೆಯೂ ನೋಡಿಕೊಂಡೆವು. ಮೇಲ್ಮೈ ತರಿಯಾಗಿದ್ದ ಕಡೆ ಕಾರ್ಬೊರಂಡಂ ಕಲ್ಲಿನಿಂದ ಉಜ್ಜಿ ಗ್ರೀಸ್ ಹಚ್ಚಿದೆವು.

ಅಂಕಿಗಳು

ಸಂಶಯದ ಐದು ಕಾಲಂಗಳಲ್ಲಿ ವೇಗ 3.9ರಿಂದ 4.2. ಒಂದನ್ನು ಬಿಟ್ಟು ಉಳಿದವುಗಳಲ್ಲಿ 4.0ರಿಂದ 4.3. ಕೂದಲೆಳೆಯ ವ್ಯತ್ಯಾಸ. ಇದರಿಂದ ಆ ಐದರ ಬಲದ ಬಗ್ಗೆ ಏನೂ ಹೇಳಲಾಗದು, ಮೇಲಿನ ಲೆಕ್ಕವೇ ಅದನ್ನು ಹೇಳುತ್ತದೆ. ಆದರೆ ಐದೂ ಬುಡದಿಂದ ತುದಿಯವರೆಗೆ ಒಂದೇ ಸಮನಾಗಿದ್ದವು. ಎಲ್ಲೂ ದಿಢೀರ್ ಕುಸಿತ ಇರಲಿಲ್ಲ. ಒಳಗೆ ಪೊಳ್ಳಿಲ್ಲ ಎನ್ನುವುದಕ್ಕೆ ಅದು ಸಾಕು.

ಸರಿಯಾಗಿ ಹಾಕಿದ ಕಾಲಂನಲ್ಲಿ ವೇಗಕ್ಕೆ ಒಂದು ಕ್ರಮ ಇರುತ್ತದೆ. ಬುಡದಲ್ಲಿ ಸ್ವಲ್ಪ ಜಾಸ್ತಿ, ಮೇಲೆ ಹೋದಂತೆ ಸ್ವಲ್ಪ ಕಡಿಮೆ. ಕಾಂಕ್ರೀಟ್ ಹಸಿಯಿದ್ದಾಗ ನೀರು ಮೇಲಕ್ಕೆ ಏರುತ್ತದೆ, ಜಲ್ಲಿ ಕೆಳಗೆ ಕೂರುತ್ತದೆ, ಕೆಳಗಿನ ಭಾಗ ಮೇಲಿನ ಭಾರಕ್ಕೆ ಒತ್ತಿಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ. ಹದಿಮೂರು ಕಾಲಂಗಳೂ ಈ ಕ್ರಮದಲ್ಲೇ ಇದ್ದವು.

ಸಿ-4 ಎಂದು ನಕ್ಷೆಯಲ್ಲಿದ್ದ ಕಾಲಂ ಹಾಗಿರಲಿಲ್ಲ. ಅದರ ಎ ಸಾಲನ್ನು ಮೇಲಿನಿಂದ ಕೆಳಕ್ಕೆ ಓದಿ: 3.9, 4.0, 4.1, 4.2, 4.2, 4.3, 4.2, 3.9, 2.7, 2.6, 4.1. ನೆಲದಿಂದ 0.9 ಮತ್ತು 0.6 ಮೀಟರ್ ಎತ್ತರದಲ್ಲಿ ದೊಡ್ಡ ಹಳ್ಳ. ಬಿ ಸಾಲಿನಲ್ಲಿ ಅದೇ ಎತ್ತರಗಳಲ್ಲಿ 3.4 ಮತ್ತು 3.2.

ಈಗ ಎ ಸಾಲಿನ ಹನ್ನೊಂದು ಅಂಕಿಗಳ ಸರಾಸರಿ ತೆಗೆಯಿರಿ. 3.84. ಕೋಷ್ಟಕದ ಪ್ರಕಾರ "ಉತ್ತಮ". ಎಷ್ಟೋ ವರದಿಗಳಲ್ಲಿ ಒಂದು ಕಾಲಂಗೆ ಒಂದು ಸಾಲು, ಒಂದು ಸರಾಸರಿ, ಒಂದು ದರ್ಜೆ ಎಂದಷ್ಟೇ ಇರುತ್ತದೆ. ಹಾಗೆ ಬರೆದಿದ್ದರೆ ಸಿ-4 ಪಾಸಾಗುತ್ತಿತ್ತು. ಕಾಲಂ ಮೇಲೆ ಕೂತ ಭಾರ ಮಾತ್ರ ಸರಾಸರಿಯನ್ನು ನೋಡುವುದಿಲ್ಲ. ಅದು ಎಲ್ಲ ಎತ್ತರಗಳನ್ನೂ ದಾಟಿಯೇ ನೆಲಕ್ಕೆ ಇಳಿಯಬೇಕು, 0.6 ಮೀಟರ್‌ನ ಆ ಜಾಗವನ್ನೂ ದಾಟಬೇಕು. ಅಲ್ಟ್ರಾಸಾನಿಕ್ ವರದಿಯಲ್ಲಿ ಕಾಲಂನ ಚಿತ್ರ ಬರೆದು ಪ್ರತಿ ಬಿಂದುವಿನ ಅಂಕಿಯನ್ನು ಅದರ ಜಾಗದಲ್ಲೇ ತುಂಬಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ವರದಿ ಪಡೆಯುವವರು, ಮನೆ ಕಟ್ಟಿಸುವವರೇ ಇರಲಿ, ಇದನ್ನು ಕೇಳಿ ಪಡೆಯಬೇಕು.

ಉಪಕರಣದ ತಪ್ಪೋ, ಕಾಂಕ್ರೀಟಿನ ತಪ್ಪೋ

ಕಡಿಮೆ ಅಂಕಿ ಬಂದ ಕೂಡಲೇ ಕಾಂಕ್ರೀಟ್ ಕೆಟ್ಟಿದೆ ಎನ್ನುವಂತಿಲ್ಲ. ಬರುವ ಅಲೆ ತೀರಾ ಕ್ಷೀಣವಾಗಿದ್ದರೆ ಉಪಕರಣ ಮೊದಲ ಅಲೆಯನ್ನು ತಪ್ಪಿಸಿಕೊಂಡು ಎರಡನೆಯದನ್ನು ಹಿಡಿಯುತ್ತದೆ. 54 ಕಿಲೋಹರ್ಟ್ಸ್‌ನಲ್ಲಿ ಒಂದು ಅಲೆಗೂ ಇನ್ನೊಂದಕ್ಕೂ ನಡುವೆ 18.5 ಮೈಕ್ರೋಸೆಕೆಂಡ್ ಅಂತರ. 300 ಮಿ.ಮೀ. ದಾರಿಯಲ್ಲಿ ಒಳ್ಳೆಯ ಕಾಂಕ್ರೀಟ್ ತೆಗೆದುಕೊಳ್ಳುವುದೇ 71 ಮೈಕ್ರೋಸೆಕೆಂಡ್. ಅದಕ್ಕೆ 18.5 ಸೇರಿದರೆ 4.2 ಇದ್ದ ವೇಗ 3.3 ಎಂದು ಕಾಣುತ್ತದೆ. ಗ್ರೀಸ್ ಸರಿಯಾಗಿ ಕೂರದಿದ್ದರೂ ಸಾಕು, ಒಳ್ಳೆಯ ಕಾಂಕ್ರೀಟಿಗೆ ಕೆಟ್ಟ ಹೆಸರು ಬರುತ್ತದೆ.

ಸಿ-4ರಲ್ಲಿ ಬಂದ ಸಮಯ 115 ಮೈಕ್ರೋಸೆಕೆಂಡ್. ಒಳ್ಳೆಯ ಜಾಗಕ್ಕಿಂತ 44 ಹೆಚ್ಚು. ಒಂದು ಅಲೆ ತಪ್ಪಿದ್ದರಿಂದ ಇಷ್ಟು ಆಗುವುದಿಲ್ಲ. ಆದರೂ ಮೇಲ್ಮೈಯನ್ನು ಮತ್ತೆ ಉಜ್ಜಿ, ಹೊಸ ಗ್ರೀಸ್ ಹಾಕಿ, ತೆರೆಯ ಮೇಲೆ ಅಲೆಯ ರೂಪವನ್ನೇ ನೋಡಿ, ಮೊದಲ ಏರಿಕೆ ಎಲ್ಲಿದೆ ಎಂದು ಕೈಯಾರೆ ಗುರುತಿಸಿದೆವು. ಅಂಕಿ ಬದಲಾಗಲಿಲ್ಲ. ಅಲೆ ಮಾತ್ರ ಸೊರಗಿತ್ತು. ಅದೂ ಒಂದು ಸೂಚನೆ.

ಆಮೇಲೆ 0.3ರಿಂದ 1.3 ಮೀಟರ್‌ವರೆಗಿನ ಭಾಗಕ್ಕೆ 100 ಮಿ.ಮೀ. ಅಂತರದ ಗುರುತು ಹಾಕಿದೆವು. ಕಡಿಮೆ ವೇಗದ ಜಾಗ ಸುಮಾರು 0.5ರಿಂದ 1 ಮೀಟರ್ ಎತ್ತರದ ನಡುವೆ, ಎ ಅಂಚಿನ ಕಡೆಗೆ ವಾಲಿಕೊಂಡು ಕೂತಿತ್ತು. ಕಿರಿದಾದ ಮುಖಗಳ ಮೇಲೆ ಪ್ರೋಬ್ ಇಟ್ಟು 600 ಮಿ.ಮೀ. ದಾರಿಯಲ್ಲೂ ಅಳೆದೆವು. 182 ಮೈಕ್ರೋಸೆಕೆಂಡ್, ಅಂದರೆ 3.3. ಎರಡು ದಿಕ್ಕಿನಿಂದಲೂ ಒಂದೇ ಮಾತು.

ಅದು ಒಂದೇ ದೊಡ್ಡ ಖಾಲಿ ಜಾಗವೋ, ಗಾರೆ ಇಲ್ಲದ ಜಲ್ಲಿಯ ರಾಶಿಯೋ? ಇದಕ್ಕೂ ಒಂದು ಲೆಕ್ಕ ಮಾಡಿದೆ. 115 ಮೈಕ್ರೋಸೆಕೆಂಡಿನಲ್ಲಿ 4.2 ಕಿ.ಮೀ. ವೇಗದ ಕಂಪನ 483 ಮಿ.ಮೀ. ಸಾಗಬಲ್ಲದು. 300 ಮಿ.ಮೀ. ದಪ್ಪದಲ್ಲಿ 483 ಸುತ್ತಬೇಕಾದರೆ ನೇರ ದಾರಿಯಿಂದ ಸುಮಾರು 190 ಮಿ.ಮೀ. ಪಕ್ಕಕ್ಕೆ ಸರಿದು ಬರಬೇಕು. ಆದರೆ ಎ ಸಾಲಿನಿಂದ ಕಾಲಂನ ಅಂಚಿಗೆ ಇರುವುದೇ 200. ಅಷ್ಟು ದೊಡ್ಡ ಖಾಲಿ ಜಾಗ ಇದ್ದಿದ್ದರೆ ಸುತ್ತಿಗೆಯಲ್ಲಿ ತಟ್ಟಿದಾಗಲೇ ಟೊಳ್ಳು ಸದ್ದು ಬರಬೇಕಿತ್ತು. ಬರುತ್ತಿರಲಿಲ್ಲ. ಹಾಗಾಗಿ ಒಳಗಿರುವುದು ಜೇನುಗೂಡಿನಂಥ ಜಲ್ಲಿ, ಕಂಪನ ಜಲ್ಲಿಯಿಂದ ಜಲ್ಲಿಗೆ ದಾಟುತ್ತಾ ನಿಧಾನವಾಗಿ ಬರುತ್ತಿದೆ ಎಂದು ತೀರ್ಮಾನಿಸಿದೆ.

ರಿಬೌಂಡ್ ಹ್ಯಾಮರ್ ಅದೇ ಜಾಗದಲ್ಲಿ 33 ತೋರಿಸಿತ್ತು. ಅದರಲ್ಲಿ ಆಶ್ಚರ್ಯ ಇಲ್ಲ. ಹ್ಯಾಮರ್ ಓದುವುದು ಮೇಲಿನ ಎರಡು ಮೂರು ಸೆಂಟಿಮೀಟರ್ ಪದರವನ್ನು ಮಾತ್ರ. ಶಟರಿಂಗ್ ತೆಗೆದಾಗ ಕಂಡ ಸಣ್ಣಪುಟ್ಟ ತೂತುಗಳಿಗೆ ಸಿಮೆಂಟ್ ಗಾರೆ ಮೆತ್ತಿ ನಯ ಮಾಡಿದ್ದರು. ಹ್ಯಾಮರ್ ಆ ಗಾರೆಗೆ ಅಂಕ ಕೊಟ್ಟಿತ್ತು.

ಒಡೆದು ನೋಡಿದಾಗ

ಕೈ ಹಚ್ಚುವ ಮೊದಲು ಸಿ-4ರ ಸುತ್ತ ಬೀಮ್‌ಗಳ ಕೆಳಗೆ ಉಕ್ಕಿನ ಪ್ರಾಪ್ (ಆಸರೆ ಕಂಬ) ಕೊಡಿಸಿದೆವು. ವಿನ್ಯಾಸ ಮಾಡಿದ ಎಂಜಿನಿಯರ್ ಪ್ರಾಪ್‌ಗಳ ಲೆಕ್ಕವನ್ನು ನೋಡಿ ಒಪ್ಪಿದ ಮೇಲೆಯೇ ಚಿಪ್ಪಿಂಗ್ ಶುರು. ಕವರ್ ಕಾಂಕ್ರೀಟ್ ಕಳಚಿ ಕಂಬಿಯ ಹಿಂದೆ ಹೋಗುತ್ತಿದ್ದಂತೆ ಜಲ್ಲಿಗಳು ಕೈಗೇ ಉದುರಿದವು. 20 ಮಿ.ಮೀ. ಜಲ್ಲಿ, ಸುತ್ತ ಸಿಮೆಂಟಿನ ತೆಳು ಲೇಪ, ನಡುವೆ ಬೆರಳು ತೂರುವಷ್ಟು ಸಂದು. ಎತ್ತರ ಅರ್ಧ ಮೀಟರಿಗೆ ಹತ್ತಿರ, ಒಳಕ್ಕೆ ಕಾಲಂನ ಮೂರನೇ ಎರಡು ಭಾಗದಷ್ಟು. ಚಿತ್ರದಲ್ಲಿ ಅಂಕಿ ಹಾಕಿದ್ದ ಜಾಗವೂ ಇದೂ ಬಹಳ ಮಟ್ಟಿಗೆ ಹೊಂದಿದವು. ಅಧ್ಯಕ್ಷರು ಸುಮಾರು ಹೊತ್ತು ಮಾತಾಡಲಿಲ್ಲ. ಆ ಕಾಲಂ ಇದ್ದದ್ದು ಮದುವೆ ಹಾಲಿನ ದೊಡ್ಡ ಬೀಮಿನ ಕೆಳಗೆ.

ಹೀಗೆ ಯಾಕಾಯಿತು ಎಂಬುದಕ್ಕೆ ಉತ್ತರ ಮೇಸ್ತ್ರಿಯವರ ಬಾಯಿಂದಲೇ ಬಂತು. ಬಯ್ಯುವುದಿಲ್ಲ, ನಡೆದದ್ದು ಹೇಳಿ ಎಂದಾಗ ಬಿಚ್ಚಿ ಹೇಳಿದರು: "ಆ ಪಿಲ್ಲರ್‌ನಲ್ಲಿ ಕಂಬಿ ಜಾಸ್ತಿ ಸಾರ್. ಒಂದು ಮೀಟರ್ ಹತ್ರ ನೀಡಲ್ ಸಿಕ್ಕಾಕೊಳ್ತಿತ್ತು, ಕೆಳಗಿಳೀತಾನೇ ಇರ್ಲಿಲ್ಲ. ಆಮೇಲೆ ಕಂಬೀಲೇ ಕುಕ್ಕಿದ್ವಿ." ನೀಡಲ್ ಎಂದರೆ ಹಸಿ ಕಾಂಕ್ರೀಟಿನೊಳಗೆ ಇಳಿಸಿ ಅದನ್ನು ನಡುಗಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರ್‌ನ ಕೋಲು.

ದೊಡ್ಡ ಬೀಮಿನ ಕೆಳಗಿನ ಎರಡು ಕಾಲಂಗಳಿಗೆ, ಸಿ-4 ಮತ್ತು ಸಿ-11ಕ್ಕೆ, 20 ಮಿ.ಮೀ.ನ 12 ಕಂಬಿ ಕೊಟ್ಟಿದ್ದರು. ಉಳಿದವಕ್ಕೆ ಎಂಟು. ಅಡಿಪಾಯದಿಂದ ಬಂದ ಕಂಬಿಗೆ ಮೇಲಿನ ಕಂಬಿ ಸೇರಿಸುವ ಲ್ಯಾಪ್ ಒಂದು ಮೀಟರ್ ಉದ್ದ, ಹನ್ನೆರಡಕ್ಕೂ ನೆಲದಿಂದಲೇ ಶುರು. ಅಂದರೆ ಆ ಒಂದು ಮೀಟರಿನಲ್ಲಿ 24 ಕಂಬಿ. ಅಡ್ಡಕೊಯ್ತದಲ್ಲಿ ಉಕ್ಕು ನೂರಕ್ಕೆ 2.1 ಇದ್ದದ್ದು ಅಲ್ಲಿ 4.2 ಆಗಿತ್ತು. ಲ್ಯಾಪ್ ಇರುವ ಕಡೆ ಸಾಮಾನ್ಯವಾಗಿ 4 ಮೀರಬಾರದು ಎಂದು ಐಎಸ್ 456 ಹೇಳುವುದು ಸುಮ್ನೆ ಅಲ್ಲ. ಕಂಬಿಯ ತುದಿಗಳು ಒಳಕ್ಕೆ ಬಾಗಿಕೊಂಡು ನಡುವಿನ ದಾರಿಯನ್ನೂ ಮುಚ್ಚಿದ್ದವು. 40 ಮಿ.ಮೀ. ನೀಡಲ್ ವೈಬ್ರೇಟರ್ ಅಲ್ಲೇ ನಿಂತಿತು. ಮೂರೂವರೆ ಮೀಟರ್ ಮೇಲಿನಿಂದ ಸುರಿದ ಕಾಂಕ್ರೀಟ್ ಕಂಬಿಗಳಿಗೆ ಬಡಿದು ಜಲ್ಲಿ ಬೇರೆ, ಗಾರೆ ಬೇರೆ ಆಯಿತು. ಬುಡಕ್ಕೆ ಮೊದಲೇ ಸಿಮೆಂಟ್ ಗಾರೆ ಸುರಿದಿದ್ದರಿಂದ 0.3 ಮೀಟರಿನಲ್ಲಿ ಮಾತ್ರ 4.1 ಬಂದಿತ್ತು.

ಸಿ-11ಕ್ಕೂ ಅಷ್ಟೇ ಕಂಬಿ. ಅದನ್ನೂ 100 ಮಿ.ಮೀ. ಅಂತರದಲ್ಲಿ ಮತ್ತೆ ಪರೀಕ್ಷಿಸಿದೆವು. ಎಲ್ಲೂ ಹಳ್ಳ ಇರಲಿಲ್ಲ. ಮೂರನೇ ದಿನಕ್ಕೆ 25 ಮಿ.ಮೀ. ನೀಡಲ್ ತರಿಸಿದ್ದೆವು ಎಂದರು ಮೇಸ್ತ್ರಿ. ಒಂದು ಸಣ್ಣ ನೀಡಲ್‌ನ ವ್ಯತ್ಯಾಸ ಅದು.

ಐದು ಕಾಲಂಗಳ ತೀರ್ಪು

ಎರಡನೇ ದಿನದ ಕಾಲಂಗಳಿಂದ ಮೂರು ಕೋರ್ ತೆಗೆಸಿದೆವು. ಮೂರಕ್ಕಿಂತ ಕಡಿಮೆ ತೆಗೆಯುವಂತಿಲ್ಲ. ಗುತ್ತಿಗೆದಾರರ ಎಂಜಿನಿಯರ್ ಒಳ್ಳೆಯ ವೇಗ ಬಂದ ಜಾಗ ತೋರಿಸಿದರು. ನಾವು ತೆಗೆದದ್ದು ಐದರಲ್ಲಿ ಅತಿ ಕಡಿಮೆ ವೇಗ ಬಂದ ಮೂರು ಜಾಗಗಳಲ್ಲಿ. ಅಲ್ಲಿ ಪಾಸಾದರೆ ಉಳಿದ ಕಡೆ ಚಿಂತೆ ಇಲ್ಲ. ಕಂಬಿ ಕತ್ತರಿಸದ ಹಾಗೆ ಕವರ್ ಮೀಟರ್‌ನಲ್ಲಿ ನೋಡಿಕೊಂಡು 75 ಮಿ.ಮೀ. ವ್ಯಾಸದ ಕೋರ್ ಕೊರೆಸಿದೆವು.

ಕ್ಯೂಬ್ ಬಲಕ್ಕೆ ಪರಿವರ್ತಿಸಿದ ಮೇಲೆ ಬಂದದ್ದು 23.1, 24.4, 22.6. ಸರಾಸರಿ 23.4. ಐಎಸ್ 456 ಕೇಳುವುದು ಸರಾಸರಿ ನೂರಕ್ಕೆ 85, ಯಾವೊಂದೂ 75ಕ್ಕಿಂತ ಕಡಿಮೆ ಇರಬಾರದು. ಎಂ-25ಕ್ಕೆ ಅದು 21.25 ಮತ್ತು 18.75. ಐದು ಕಾಲಂಗಳೂ ನಿಂತವು. ಎರಡನೇ ದಿನದ ಕ್ಯೂಬ್‌ಗಳನ್ನು ನೀರಿನ ತೊಟ್ಟಿಗೆ ಹಾಕದೆ ಶೆಡ್ಡಿನ ಹೊರಗೆ ಬಿಸಿಲಲ್ಲಿ ಬಿಟ್ಟಿದ್ದರು ಎಂಬುದು ವಿಚಾರಿಸಿದಾಗ ಗೊತ್ತಾಯಿತು.

ಸಿ-4ಕ್ಕೆ ಸಡಿಲ ಜಲ್ಲಿಯನ್ನೆಲ್ಲ ತೆಗೆದು, ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಚಿಪ್ ಮಾಡಿ, ತೊಳೆದು, ಶಟರಿಂಗ್ ಕಟ್ಟಿ, ತಾನೇ ಹರಿದು ತುಂಬಿಕೊಳ್ಳುವ ಮೈಕ್ರೋಕಾಂಕ್ರೀಟ್ ಹಾಕಿಸಿದೆವು. ಅದರ ಮೇಲೂ ಕೆಳಗೂ ನಿಪ್ಪಲ್ (ಗ್ರೌಟ್ ತುಂಬುವ ಸಣ್ಣ ಕೊಳವೆ) ಕೂರಿಸಿ, ಕುಗ್ಗದ ಸಿಮೆಂಟ್ ಗ್ರೌಟ್ ಅನ್ನು ಕಡಿಮೆ ಒತ್ತಡದಲ್ಲಿ ತುಂಬಿಸಿದೆವು. 28 ದಿನ ಕಳೆದ ಮೇಲೆ ಅದೇ ಬಿಂದುಗಳಲ್ಲಿ ಮತ್ತೆ ಅಳತೆ. ಎ ಸಾಲಿನಲ್ಲಿ 2.7 ಇದ್ದಲ್ಲಿ 4.0, 2.6 ಇದ್ದಲ್ಲಿ 3.9. ಬಿ ಸಾಲಿನಲ್ಲೂ 4ರ ಹತ್ತಿರ. ಅಂಕಿ ಬಂದ ಮೇಲೆಯೇ ಪ್ರಾಪ್ ತೆಗೆಸಿದೆವು. ಇದರಿಂದ ದುರಸ್ತಿಯಾದ ಭಾಗದ ಬಲ ಎಷ್ಟು ಎಂದು ತಿಳಿಯುವುದಿಲ್ಲ, ಅದಕ್ಕೆ ಮೈಕ್ರೋಕಾಂಕ್ರೀಟಿನ ಕ್ಯೂಬ್‌ಗಳನ್ನು ಬೇರೆಯಾಗಿ ಒಡೆಸಿದ್ದೆವು. ಪೊಳ್ಳು ತುಂಬಿದೆ ಎಂಬುದಕ್ಕೆ ಮಾತ್ರ ಈ ಅಂಕಿಗಳು ಸಾಕ್ಷಿ.

ಮೇಲಿನ ಮಹಡಿಯ ಕಾಲಂಗಳಿಗೆ ಕೆಲಸದ ಕ್ರಮ ಬದಲಾಯಿತು. ಸಿ-4 ಮತ್ತು ಸಿ-11ರಲ್ಲಿ ಅರ್ಧ ಕಂಬಿಗಳನ್ನು ಲ್ಯಾಪ್ ಬದಲು ಕಪ್ಲರ್ (ಎರಡು ಕಂಬಿಯ ತುದಿಗಳನ್ನು ಸೇರಿಸುವ ಉಕ್ಕಿನ ತೋಳು) ಹಾಕಿ ಜೋಡಿಸಿದರು. ಶಟರಿಂಗಿನ ನಡುವೆ ಕಿಟಕಿ ಬಿಟ್ಟು, ಅಲ್ಲಿಂದಲೇ ಕೆಳಗಿನ ಅರ್ಧಕ್ಕೆ ಕಾಂಕ್ರೀಟ್ ಹಾಕಿ 25 ಮಿ.ಮೀ. ನೀಡಲ್ ಇಳಿಸಿದರು. ಕ್ಯೂಬ್‌ಗಳಿಗೆ ಒಂದು ತೊಟ್ಟಿ ಬಂತು. ಶಟರಿಂಗ್ ಬಿಚ್ಚಿದ ಮೇಲೆ, ತೂತುಗಳಿಗೆ ಗಾರೆ ಮೆತ್ತುವ ಮೊದಲು, ಫೋಟೋ ತೆಗೆದಿಡಬೇಕು ಎಂದು ಸಮಿತಿಯೇ ನಿಯಮ ಮಾಡಿತು. ಎರಡೂ ಮಹಡಿಯ ಕಾಲಂ ಚಿತ್ರಗಳು, ಪ್ರತಿ ಬಿಂದುವಿನ ದಪ್ಪ, ಸಮಯ, ವೇಗದ ಸಮೇತ, ಈಗ ಸಮಿತಿಯ ಕಡತದಲ್ಲಿವೆ. ಮುಂದೆ ಯಾವತ್ತಾದರೂ ಪರೀಕ್ಷೆ ಮಾಡುವವರು ಅದೇ ಬಿಂದುಗಳಲ್ಲಿ ಪ್ರೋಬ್ ಇಟ್ಟು ಹೋಲಿಸಿಕೊಳ್ಳಬಹುದು.